ಮಾಯಣ್ಣನ ಮರದ ಕೂಗು

ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವ ಅಭ್ಯಾಸ ಹಾಲ್ಕುರಿಕೆಯ ದಯಾನಂದನಿಗೆ ಕೊನೆಯವರೆಗೂ ಹೋಗಲಿಲ್ಲ. ಅಟ್ಟದ ಮೇಲೆ ವರ್ಷ ಒಪ್ಪತ್ತು ಮಲಗಿದ ಕಾಯಿ ಒಳಗೇ ಒಣಗಿ, ಚಿಪ್ಪು ಬಿಟ್ಟು ಕೊಬ್ಬರಿಯಾದಾಗ ಗಡಗಡ ಎನ್ನುತ್ತದೆ. ಒಡೆಯದೆಯೇ ಒಳಗಿನದನ್ನು ತಿಳಿಯುವ ಆ ವಿದ್ಯೆಯನ್ನು ಅವನು ವಾಯುಪಡೆಗೂ ಹೊತ್ತುಕೊಂಡು ಹೋದ. ಅಲ್ಲಿ ರೇಡಿಯೋ ರಿಪೇರಿಯ ಕೆಲಸ. ನಿವೃತ್ತನಾಗಿ ಊರಿಗೆ ಬಂದ ಮೇಲೂ, ಸಣ್ಣ ವಿಮಾನ ಇಟ್ಟುಕೊಂಡವರು ಕರೆದಲ್ಲಿಗೆ ಹೋಗಿ ಅದರೊಳಗಿನ ರೇಡಿಯೋ, ಜಿಪಿಎಸ್ಸುಗಳನ್ನು ಸರಿಮಾಡಿಕೊಟ್ಟು ಬರುತ್ತಿದ್ದ. ಯಾವ ಡಬ್ಬಿ ಕೈಗೆ ಸಿಕ್ಕರೂ ಮೊದಲು ಕಿವಿಗಿಟ್ಟು ಒಮ್ಮೆ ಅಲ್ಲಾಡಿಸುತ್ತಿದ್ದ.

ಅವನು ತೀರಿಕೊಂಡ ಮೇಲೆ ಒಂದು ಯುಗಾದಿ ಬಂದು ಹೋಯಿತು. ಅವನ ಮಾತು ಬಂದರೆ ಜನ ಅವನ ದೊಡ್ಡ ನಗೆಯನ್ನು ನೆನೆಯುತ್ತಾರೆ. ಆದರೆ ಅವನು ಎಂಥವನು ಎನ್ನುವುದು ಅದಕ್ಕೆ ಹಿಂದಿನ ಆಷಾಢದಲ್ಲಿ ಕೆಂಕೆರೆಯ ತೋಟವೊಂದರಲ್ಲಿ ಗೊತ್ತಾಯಿತು. ಅಲ್ಲಿ ಅವನು ನಗಲಿಲ್ಲ.

ಆ ವರ್ಷ ನೆಲದಡಿಯಲ್ಲಿ ಏನಿದೆ ಎಂದು ನೋಡುವ ಸರ್ವೆ ವಿಮಾನವೊಂದು ಈ ಕಡೆಯ ಮೂರು ತಾಲ್ಲೂಕುಗಳ ಮೇಲೆ ಹಾರುತ್ತಿತ್ತು. ನೇಗಿಲ ಸಾಲಿನ ಹಾಗೆ, ಒಂದು ಸಾಲು ಹೋಗಿ ಪಕ್ಕದ ಸಾಲಿನಲ್ಲಿ ತಿರುಗಿ ಬರಬೇಕು. ತೆಂಗಿನ ಸುಳಿ ಎಣಿಸುವಷ್ಟು ಕೆಳಗೆ. ಹಾರಿಸುವವಳು ಯೋಗಿತಾ ಎಂಬ ಹುಡುಗಿ, ಇನ್ನೂ ಮೂವತ್ತು ದಾಟದವಳು. ಸಾಲು ತಪ್ಪದಂತೆ ಅವಳನ್ನು ನಡೆಸುವುದು ಜಿಪಿಎಸ್. ಚಿಕ್ಕನಾಯಕನಹಳ್ಳಿಯ ಗುಡ್ಡಗಳಿಗೆ ಮೋಡ ಕವಿದಾಗಲಂತೂ ಅವಳಿಗೆ ಬೇರೆ ಕಣ್ಣಿರಲಿಲ್ಲ.

ಆ ಕಣ್ಣು ಕೆಂಕೆರೆ ಹತ್ತಿರ ಬಂದರೆ ಮುಚ್ಚಿಕೊಳ್ಳುತ್ತಿತ್ತು. ಪರದೆಯ ಮೇಲೆ ಉಪಗ್ರಹಗಳ ಗುರುತು ಒಂದೊಂದಾಗಿ ಆರಿ, ವಿಮಾನ ಎಲ್ಲಿದೆ ಎನ್ನುವುದು ವಿಮಾನಕ್ಕೇ ತಿಳಿಯದಂತಾಗುತ್ತಿತ್ತು. ಸ್ವಲ್ಪ ಮುಂದೆ ಹೋದರೆ ಮತ್ತೆ ಎಲ್ಲ ಸರಿ. ಅದೂ ದಿನವೂ ಅಲ್ಲ. ಒಂದು ದಿನ ಉಂಟು, ಒಂದು ದಿನ ಇಲ್ಲ.

ಸರ್ವೆ ಕಂಪನಿಯವರು ದಯಾನಂದನನ್ನು ಕರೆಸಿದರು. ಅವನು ಕ್ರಮವಾಗಿ ನೋಡಿದ. ವಿಮಾನದ ನೆತ್ತಿಯ ಮೇಲಿನ ಆಂಟೆನಾ ಬಿಚ್ಚಿದ, ಅಡಿಯಲ್ಲಿ ನೀರು ಇಳಿದಿದೆಯೇ ಎಂದು ಬೆರಳಾಡಿಸಿದ. ಕೇಬಲ್ಲನ್ನು ಉದ್ದಕ್ಕೂ ಹಿಡಿದು ಬಾಗಿಸಿದ. ವಿಮಾನದ್ದೇ ರೇಡಿಯೋ ಕೆಲವು ಚಾನಲ್ಲುಗಳಲ್ಲಿ ಮಾತಾಡುವಾಗ ಜಿಪಿಎಸ್ಸಿನ ಕಿವಿ ಮುಚ್ಚುವುದುಂಟು. ಅದನ್ನೂ ಒಂದೊಂದಾಗಿ ಹಾಕಿ ಆರಿಸಿ ನೋಡಿದ. ನೆಲದ ಮೇಲೆ ಎಲ್ಲವೂ ಸರಿಯಾಗಿತ್ತು. ಕಡೆಗೆ ಹೊಸ ಆಂಟೆನಾ ಕೂರಿಸಿ, ಹಾರಬಹುದು ಎಂದು ಸಹಿ ಹಾಕಿದ.

ಮರುದಿನ ಮೋಡದ ಕೆಳಗೆ ಮತ್ತೆ ಕಣ್ಣು ಮುಚ್ಚಿತು. ತಾನೇ ಸಾಲು ಹಿಡಿದು ನಡೆಯುತ್ತಿದ್ದ ವಿಮಾನ ದಾರಿ ಮರೆತು ಗುಡ್ಡದ ಕಡೆಗೆ ವಾಲಿತು. ಯೋಗಿತಾ ಕೈಯಲ್ಲಿ ಎಳೆದು ಮೇಲೆತ್ತಿದಳು. ವಿಮಾನ ಇಳಿಸಿದ ಮೇಲೂ ಬೆಲ್ಟ್ ಬಿಚ್ಚದೆ ಕೂತಿದ್ದಳು. ದಯಾನಂದ ಬಿಚ್ಚಿಕೊಟ್ಟ.

"ಸರ್, ನೀವು ಸರಿ ಇದೆ ಅಂದ್ರಿ," ಎಂದಳು.

ಕಂಪನಿಯವರು ಮಾತ್ರ ಅವಸರದಲ್ಲಿದ್ದರು. ಕೇಬಲ್ಲೂ ಬದಲಾಯಿಸಿ ಬರೆದುಕೊಡಿ, ನಿಮಗಾಗದಿದ್ದರೆ ಬೇರೆಯವರು ಬರೆದುಕೊಡುತ್ತಾರೆ ಎಂದರು. ಅದು ನಿಜವೆಂದು ದಯಾನಂದನಿಗೂ ಗೊತ್ತಿತ್ತು. ಯಾರು ಬರೆದುಕೊಟ್ಟರೂ ಆ ಗುಡ್ಡದ ಪಕ್ಕಕ್ಕೆ ಹೋಗುವವಳು ಈ ಹುಡುಗಿಯೇ. ಅವನು ಬರೆದುಕೊಡಲಿಲ್ಲ. ತಿಳಿಯಾದ ದಿನ ನೋಡಿ ಹಿಂದಿನ ಸೀಟಿನಲ್ಲಿ ತಾನೇ ಕೂತ.

ಕೆಂಕೆರೆ ಬಂತು. ಉಪಗ್ರಹಗಳು ಆರತೊಡಗಿದವು, ತೇರು ಕಳೆದ ಬೀದಿಯಲ್ಲಿ ಯಾರೋ ಒಂದೊಂದೇ ದೀಪ ಊದಿಕೊಂಡು ಹೋದ ಹಾಗೆ. ದಯಾನಂದ ಪರದೆ ಬಿಟ್ಟು ಕಿಟಕಿಯಲ್ಲಿ ಬಗ್ಗಿ ನೋಡಿದ. ಕಡುಹಸಿರು ತೋಟಗಳು. ಪೈಪುಗಳ ಬಾಯಲ್ಲಿ ಬೆಳ್ಳಗೆ ನೀರು. ಹೆಂಗಸೊಬ್ಬಳು ಗುದ್ದಲಿ ಹಿಡಿದು ಕಾಲುವೆ ತಿರುಗಿಸಲು ಓಡುತ್ತಿದ್ದಳು.

ಮಧ್ಯಾಹ್ನ ಕಳೆದು ಅದೇ ಜಾಗಕ್ಕೆ ವಾಪಸಾದಾಗ ಪರದೆ ತುಂಬ ಉಪಗ್ರಹಗಳಿದ್ದವು. ಕೆಳಗೆ ಒಂದು ಪೈಪಿನಲ್ಲೂ ನೀರಿರಲಿಲ್ಲ.

"ಕರೆಂಟು!" ಎಂದ ದಯಾನಂದ.

ಯೋಗಿತಾಳಿಗೆ ಕೇಳಿಸಲಿಲ್ಲ. ಕೇಳಿಸಿದ್ದರೂ ಅರ್ಥವಾಗುತ್ತಿರಲಿಲ್ಲ. ಪಂಪ್‌ಸೆಟ್ಟಿಗೆ ಪಾಳಿಯ ಮೇಲೆ ಕರೆಂಟ್ ಬಿಡುತ್ತಾರೆ, ಈ ವಾರ ಹಗಲು, ಮುಂದಿನ ವಾರ ರಾತ್ರಿ, ಅದೂ ದಿನಕ್ಕೊಂದು ಹೊತ್ತು ಎನ್ನುವುದು ತೋಟವಿದ್ದವರಿಗಲ್ಲದೆ ಯಾರಿಗೆ ಗೊತ್ತು? ರೋಗ ವಿಮಾನದಲ್ಲಿರಲಿಲ್ಲ. ಕರೆಂಟ್ ಬಂದಾಗ ಎದ್ದು, ಹೋದಾಗ ಮಲಗುವ ಏನೋ ಒಂದು ಕೆಳಗಿನ ತೋಟದಲ್ಲಿತ್ತು.

ಇಳಿದವನೇ ದಿನೇಶನಿಗೆ ಫೋನು ಮಾಡಿದ. ಹೈಸ್ಕೂಲಿನಿಂದ ಜೊತೆಗಿದ್ದವನು ದಿನೇಶ. ಹುಳಿಯಾರಿನಲ್ಲಿ ಸುಟ್ಟ ಮೋಟಾರಿಗೆ ತಂತಿ ಸುತ್ತುವ ಅಂಗಡಿ ಅವನದು. ಸುತ್ತಿನ ಒಂದೊಂದು ಕೊಳವೆಬಾವಿಯೂ ಅವನಿಗೆ ಗೊತ್ತು. ದಯಾನಂದ ಜಾಗದ ಗುರುತು ಹೇಳಿದ.

"ಮಾಯಣ್ಣನ ತೋಟ ಕಣ್ಲಾ ಅದು," ಎಂದ ದಿನೇಶ. "ಅಲ್ಲಿಗೆ ಕಾಯಿ ಕೀಳೋರೂ ಹೋಗಲ್ಲ. ಮನ್ಸ ಸತ್ತು ಆರೇಳು ವರ್ಸ ಆಯ್ತು. ಬೋರ್ ಬತ್ತೋಯ್ತು, ಮೋಟ್ರು ನಾನೇ ಎತ್ತಿದ್ದು. ಆದ್ರೂ ಕರೆಂಟ್ ಬಂದ್ರೆ ಮೋಟ್ರುಮನೆ ಒಳಗೆ ಯಾರೋ ಉಸಿರುಬುಡ್ತಾರಂತೆ."

"ನೀನು ಕೇಳಿದ್ದೀಯೇನ್ಲಾ?"

"ನಂಗೇನು ಬುದ್ಧಿ ಇಲ್ವಾ ಕೇಳೋಕೋಗಕ್ಕೆ?"

"ಹಂಗಾದ್ರೆ ನಾಳೆ ಬುದ್ಧಿ ಅಂಗಡೀಲಿ ಬುಟ್ಟು ಬಾ. ಹೋಗಣ."

ಹೋದರು. ಮೋಡ ಮುಚ್ಚಿದ ಮಧ್ಯಾಹ್ನ. ಪಕ್ಕದ ತೋಟಗಳಲ್ಲಿ ಉತ್ತು ಗರಿ ತೆಗೆದು ಚೊಕ್ಕಟ ಮಾಡಿದ್ದರು. ಮಾಯಣ್ಣನ ತೋಟದಲ್ಲಿ ಬಿದ್ದ ಗರಿ ಬಿದ್ದಲ್ಲೇ ಕೊಳೆಯುತ್ತಿತ್ತು. ಮೋಟಾರುಮನೆಯ ಪಕ್ಕದ ಎತ್ತರದ ಮರದ ಬುಡದಲ್ಲಿ ಕಾಯಿಗಳು ತಾವೇ ಉದುರಿ, ತಾವೇ ಮೊಳೆತು ನಿಂತಿದ್ದವು. ಮೋಟಾರುಮನೆಗೆ ಬೀಗವಿರಲಿಲ್ಲ, ಚಿಲಕ ಮಾತ್ರ. ಒಳಗೆ ಹಗ್ಗದ ಮಂಚ, ಗೋಡೆಯಲ್ಲಿ ಸ್ಟಾರ್ಟರ್ ಪೆಟ್ಟಿಗೆ, ಗೂಡಿನಲ್ಲಿ ಹಳೆಯ ಡಬ್ಬಿ ಟೀವಿ. ಮಂಚದ ಮೇಲೆ ಒಂದು ಕಂಬಳಿ ಮಡಿಸಿಟ್ಟಿತ್ತು. ಅದರ ಮೇಲೆ ದೂಳಿರಲಿಲ್ಲ.

"ಯಾರೋ ಕೊಡವ್ತಾ ಅವ್ರೆ," ಎಂದು ದಿನೇಶ ಪಿಸುಗುಟ್ಟಿದ. "ದಯಾ, ಬಾರ್ಲಾ ಹೋಗಣ."

ದಯಾನಂದ ಕೈಯಲ್ಲಿದ್ದ ಸಣ್ಣ ಜಿಪಿಎಸ್ಸನ್ನು ಹೊಸಿಲ ಮೇಲಿಟ್ಟು ಕರೆಂಟಿಗೆ ಕಾಯುತ್ತ ಕೂತ. ಪರದೆಯಲ್ಲಿ ಉಪಗ್ರಹಗಳು ತುಂಬಿದ್ದವು. ಗಾಳಿ ಇರಲಿಲ್ಲ. ದೂರದಲ್ಲಿ ಎಲ್ಲೋ ಕಾಯಿ ಬಿದ್ದ ಸದ್ದು.

ಟಕ್ ಎಂದು ಸ್ಟಾರ್ಟರ್ ತಾನೇ ಹೊಡೆಯಿತು. ನೆತ್ತಿಯ ಬಲ್ಬು ಹತ್ತಿತು. ಕೆಳಗೆ ಮೋಟಾರೇ ಇಲ್ಲದ ಆ ಪೆಟ್ಟಿಗೆಯಲ್ಲಿ ಮುಳ್ಳು ಅಲುಗದೆ ಸೊನ್ನೆಯಲ್ಲೇ ನಿಂತಿತ್ತು. ಮೆಲ್ಲಗೆ ಟೀವಿಯ ಗಾಜು ಬೆಳ್ಳಗಾಯಿತು. ಚಿತ್ರವಿಲ್ಲ. ಇರುವೆ ಮುತ್ತಿದ ಹಾಗೆ ಕಪ್ಪು ಬಿಳಿ ಚುಕ್ಕಿಗಳು, ಜೊತೆಗೆ ಉದ್ದನೆಯ ಉಸಿರಿನಂಥ ಸದ್ದು. ಹಾಸ್ಸ್... ಅದು ಮುಗಿಯುತ್ತಿರಲಿಲ್ಲ, ಎಳೆದುಕೊಂಡ ಉಸಿರನ್ನು ಬಿಡುವವರು ಬಿಡುತ್ತಲೇ ಇದ್ದರು.

ಹೊಸಿಲ ಮೇಲಿನ ಪರದೆಯಲ್ಲಿ ಉಪಗ್ರಹಗಳು ಆರತೊಡಗಿದವು. ಕೊನೆಯದೂ ಆರಿತು.

ದಿನೇಶ ಆಗಲೇ ಬೈಕಿನ ಹತ್ತಿರ ಇದ್ದ. ದಯಾನಂದ ಎದ್ದು, ಟೀವಿಯ ಹಿಂದಿನಿಂದ ಹೊರಟ ವೈರಿನ ಮೇಲೆ ಕಣ್ಣು ಹಾಯಿಸಿದ. ಅದು ಕಿಟಕಿ ದಾಟಿ, ಮರಕ್ಕೆ ಸುತ್ತಿಕೊಂಡು ಮೇಲೆ ಮೇಲೆ ಹೋಗಿತ್ತು. ಸುಳಿಯ ಹತ್ತಿರ, ಗರಿಗಳ ನಡುವೆ, ತುಕ್ಕು ಹಿಡಿದ ಟೀವಿ ಆಂಟೆನಾ. ಅದರ ಕುತ್ತಿಗೆಗೆ ಒಂದು ಬೂಸ್ಟರ್ ಡಬ್ಬಿ.

ಒಂದು ಕಾಲದಲ್ಲಿ ತೋಟದ ಮನೆಗಳಿಗೆ ಅದೊಂದೇ ದಾರಿ. ಮರದ ಮರೆಯಲ್ಲಿ ಸಿಗದ ಸ್ಟೇಷನ್ನನ್ನು ಮರದ ತಲೆಯಿಂದಲೇ ಇಳಿಸಬೇಕು. ದೂರದ ಸಣ್ಣ ದನಿಯನ್ನು ಬೂಸ್ಟರ್ ದೊಡ್ಡದು ಮಾಡಿಕೊಡುತ್ತಿತ್ತು. ಆಮೇಲೆ ಸ್ಟೇಷನ್ನೇ ಮುಚ್ಚಿತು. ಬೂಸ್ಟರಿಗೆ ಹೇಳುವವರಿರಲಿಲ್ಲ. ಬಿಸಿಲು ಮಳೆಗೆ ಒಳಗಿನದು ಕೆಟ್ಟು, ಬಾರದ ದನಿಗೆ ಕಿವಿ ಕೊಟ್ಟೂ ಕೊಟ್ಟೂ, ಅದು ತಾನೇ ಕೂಗತೊಡಗಿತ್ತು. ಮನುಷ್ಯರ ಕಿವಿಗೆ ಬೀಳದ ಕೂಗು. ಉಪಗ್ರಹದ ದನಿ ಇಲ್ಲಿಗೆ ಬರುವಷ್ಟರಲ್ಲಿ ಎಷ್ಟು ಸಣ್ಣದೆಂದರೆ, ಆ ಕೂಗಿನ ಮುಂದೆ ಅದು ಇಲ್ಲವೇ ಇಲ್ಲ.

"ಯಾರಪ್ಪ ಅದು ಒಳಗೆ?"

ದಯಾನಂದ ತಿರುಗಿದ. ಮಾಯಣ್ಣನ ಹೆಂಡತಿ ಚಿಕ್ಕಗೌರಮ್ಮ. ಊರಿನಲ್ಲಿ ಮಗಳ ಮನೆಯಲ್ಲಿ, ಮೊಮ್ಮಕ್ಕಳ ನಡುವೆ ಇರುವಾಕೆ. ಹಗಲು ಪಾಳಿಯ ವಾರ ಕರೆಂಟ್ ಬರುವ ಹೊತ್ತಿಗೆ ಇಲ್ಲಿಗೆ ಬಂದು ಮಂಚದ ಮೇಲೆ ಕೂರುತ್ತಾರೆಂದು ಆಮೇಲೆ ತಿಳಿಯಿತು. ದಯಾನಂದ ತಾನು ಯಾರು, ಬಂದದ್ದೇಕೆ ಎಂದು ಹೇಳಿದ.

"ಈ ಟೀವಿ ಸ್ವಿಚ್ಚು ಅವರು ಹಾಕಿದ್ದು ಕಣಪ್ಪ," ಎಂದರು ಚಿಕ್ಕಗೌರಮ್ಮ. "ವಾರ್ತೆ ನೋಡ್ತೀನಿ ಅಂತ ಹಾಕಿದ್ರು. ಕರೆಂಟೋಯ್ತು. ಬರ್ಲಿ ಅಂತ ಹಂಗೇ ಒರಗವ್ರೆ. ಕರೆಂಟ್ ಬಂತು, ಅವ್ರು ಏಳ್ನಿಲ್ಲ. ಅವರ ಕೈ ಹಾಕಿದ್ನ ನಾವು ಯಾಕೆ ಆರ್ಸಣ ಅಂತ ಬುಟ್ಟೆ."

"ಈ ಸದ್ದು..."

"ನಿದ್ದೇಲಿ ಇಂಗೇ ಉಸಿರಾಡೋರು."

ವಾಪಸು ಬಂದು ಬಾಗಿಲ ಹೊರಗೆ ನಿಂತಿದ್ದ ದಿನೇಶನಿಗೂ ಅದು ಕೇಳಿಸಿತು. ಟೀವಿಗೂ ಬೂಸ್ಟರಿಗೂ ಅದೊಂದೇ ಸ್ವಿಚ್ಚು. ದಯಾನಂದ ಕೈ ಚಾಚಿದರೆ ಸಿಗುತ್ತಿತ್ತು. ಚಾಚಲಿಲ್ಲ.

"ಅಮ್ಮಾ," ಎಂದ. "ಮೇಲೆ ವಿಮಾನದಲ್ಲಿ ಒಂದು ಹುಡುಗಿ ಓಡಾಡ್ತಾಳೆ. ನಿಮ್ಮ ತೋಟದ ಮೇಲೆ ಬಂದಾಗ ಅವಳಿಗೆ ಕಣ್ಣು ಕತ್ಲೆ ಆಗುತ್ತೆ. ಮೊನ್ನೆ ಗುಡ್ಡಕ್ಕೆ ಹೊಡೀತಿದ್ಲು. ನಾಡಿದ್ದು ಮತ್ತೆ ಹೋಗ್ತಾಳೆ."

"ಅವ್ಳ ಮನೇಲಿ ಯಾರವ್ರೆ?"

"ತಾಯಿ ಅವ್ರಂತೆ."

ಚಿಕ್ಕಗೌರಮ್ಮ ಮಂಚದ ತುದಿಯಲ್ಲಿ ಕೂತರು. ಕಂಬಳಿಯನ್ನು ಸವರಿದರು. ಟೀವಿಯ ಬಿಳಿ ಬೆಳಕು ಅವರ ಮುಖದ ಮೇಲೆ ಕುದಿಯುತ್ತಿತ್ತು. "ಇಷ್ಟು ದಿನ ಅವರನ್ನ ನಾನೇ ಇಡ್ಕೊಂಡಿದ್ದೆ ಅನ್ಸುತ್ತೆ," ಎಂದರು, ಯಾರಿಗೋ ಎಂಬಂತೆ. ಎದ್ದು ಗೋಡೆಯ ಹತ್ತಿರ ಹೋಗಿ ತಾವೇ ಸ್ವಿಚ್ಚು ಒತ್ತಿದರು.

ಉಸಿರು ನಿಂತಿತು. ಇರುವೆಗಳೆಲ್ಲ ನಡುವಿಗೆ ಓಡಿ ಬಂದು ಒಂದು ಬಿಳಿ ಚುಕ್ಕಿಯಾಗಿ ಉಳಿದವು. ಹಳೆಯ ಟೀವಿಗಳಲ್ಲಿ ಹಾಗೆ ಉಳಿಯುವುದು ಸಹಜ ಎಂದು ದಯಾನಂದನಿಗೆ ಗೊತ್ತಿತ್ತು. ಆದರೆ ಆ ಚುಕ್ಕಿ ಹೋಗಲು ಮನಸ್ಸಿಲ್ಲದಂತೆ ನಿಂತಿತ್ತು. ಹೋಗುವವರೆಗೂ ಮೂವರೂ ಅದನ್ನೇ ನೋಡಿದರು. ಹೋದ ಮೇಲೆ, ಹೊಸಿಲ ಮೇಲೆ ಉಪಗ್ರಹಗಳು ಒಂದೊಂದಾಗಿ ಬಂದಿದ್ದವು.

ಉದ್ದನೆಯ ಬಿದಿರ ದೋಟಿಗೆ ಕುಡುಗೋಲು ಕಟ್ಟಿ ದಿನೇಶನೇ ಆಂಟೆನಾ ಎಳೆದು ಹಾಕಿದ. ಅದರ ಜೊತೆಗೆ ಒಣಗರಿ, ಹದಕ್ಕೆ ಮೀರಿ ಒಣಗಿದ ಕಾಯಿಗಳು ದಬದಬ ಬಿದ್ದವು. ದಯಾನಂದ ಬೂಸ್ಟರ್ ಬಿಚ್ಚಿ, ಎಂದಿನಂತೆ ಕಿವಿಗಿಟ್ಟು ಅಲ್ಲಾಡಿಸಿ, ಚೀಲಕ್ಕೆ ಹಾಕಿಕೊಂಡ.

"ಏನಂತು ಅದು?" ದಿನೇಶ ಕೇಳಿದ.

"ನಿನ್ನ ಬುದ್ಧಿ ಎಲ್ಲಿ ಅಂತ ಕೇಳ್ತು."

ಮೂರನೆಯ ದಿನ ಅವನು ಸಹಿ ಹಾಕಿದ, ಹಾಕಿ ತಾನೂ ಹತ್ತಿ ಕೂತ. ಕರೆಂಟ್ ಇದ್ದ ಹೊತ್ತು. ಎಲ್ಲ ಪೈಪುಗಳಲ್ಲೂ ನೀರು. ಮಾಯಣ್ಣನ ತೋಟದ ಮೇಲೆ ಒಂದು ಉಪಗ್ರಹವೂ ಅಲುಗಲಿಲ್ಲ. ಕೆಳಗೆ ಮರದ ಬುಡದಲ್ಲಿ ಚಿಕ್ಕಗೌರಮ್ಮ ನಿಂತಿದ್ದರು. ತಲೆ ಎತ್ತಿ ನೋಡಲಿಲ್ಲ, ಮೋಟಾರುಮನೆಯ ಬಾಗಿಲನ್ನೇ ನೋಡುತ್ತಿದ್ದರು. ಇದನ್ನು ಹೇಳುವಾಗಲೆಲ್ಲ ದಯಾನಂದನ ದನಿ ತಗ್ಗುತ್ತಿತ್ತು.

ಅದೇ ವರ್ಷದ ಮಾಘದಲ್ಲಿ ಒಂದು ದಿನ, ತಿಪಟೂರಿನಿಂದ ಬಂದು ಜಗಲಿಯ ಮೇಲೆ ಕೂತವನು ನೀರು ಕೇಳಿದ. ನೀರು ಬರುವಷ್ಟರಲ್ಲಿ ಅವನಿರಲಿಲ್ಲ. ಐವತ್ತಮೂರು ಅದಕ್ಕೆ ವಯಸ್ಸಲ್ಲ.

ತಿಥಿ ಕಳೆದ ಮೇಲೆ ಅವನ ಹೆಂಡತಿ ಅನಿತಾ ಉಪಕರಣದ ಚೀಲವನ್ನು ದಿನೇಶನಿಗೆ ಕೊಟ್ಟರು. ತಳದಲ್ಲಿ ಆ ಬೂಸ್ಟರ್ ಡಬ್ಬಿಯೂ ಇತ್ತು. ದಿನೇಶ ಅದನ್ನು ಕಿವಿಗಿಟ್ಟು ಅಲ್ಲಾಡಿಸಿದ. ಒಳಗೆ ಏನೋ ಮೆಲ್ಲಗೆ ಸರಿದಾಡಿತು. ಅದನ್ನು ಕೆಲಸದ ಮೇಜಿನ ಮೇಲೆ ಇಟ್ಟುಕೊಂಡಿದ್ದಾನೆ. ಮೊನ್ನೆ ಮಧ್ಯಾಹ್ನ ಅಂಗಡಿಗೆ ಕರೆಂಟ್ ಬಂದಾಗ, ಅದಕ್ಕೆ ಎರಡು ವೈರು ಕೊಟ್ಟು, ಮೂಲೆಯ ಹಳೆಯ ಟೀವಿಗೆ ಜೋಡಿಸಿದರೆ ಆ ಉಸಿರು ಕೇಳಬಹುದಲ್ಲ ಎನಿಸಿ ಅವನ ಕೈ ವೈರಿನವರೆಗೂ ಹೋಯಿತು. ಯಾರ ಉಸಿರು ಎಂದು ಅವನು ಯೋಚಿಸಲಿಲ್ಲ.

ಎದ್ದು ಹೊರಗೆ ಬಂದು ಆಕಾಶ ನೋಡಿದ. ಸರ್ವೆ ಮುಗಿದು ವಿಮಾನ ಹೋಗಿ ಎಷ್ಟೋ ಕಾಲವಾಗಿತ್ತು. ಮೇಲೆ ಯಾರೂ ಇರಲಿಲ್ಲ.

ಆದರೂ ಒಳಗೆ ಹೋಗಿ ವೈರು ಸುತ್ತಿಟ್ಟ.