ತಮಟೆಯವರ ಪಕ್ಕದಲ್ಲಿ ಕೂತಿದ್ದವರು

ನಿಮ್ಮ ತಾತ ತೀರಿಕೊಂಡ ದಿನ ಗೇಟಿನ ಹೊರಗೆ, ತಮಟೆಯವರ ಪಕ್ಕದಲ್ಲಿ, ಕಪ್ಪು ಕೋಟು ಹಾಕಿಕೊಂಡು ಒಬ್ಬ ಮುದುಕರು ಕೂತಿದ್ದರು. ಅವರು ಯಾರು ಎಂದು ನೀವು ಕೇಳಿದಿರಿ. ಬ್ಯಾಂಡಿನವರು ಎಂದೆ. ಅದು ನಿಮ್ಮ ಅಜ್ಜಿ ಹೇಳಿದ ಸುಳ್ಳು, ಮಕ್ಕಳೇ. ಅವರು ತಾತನ ಮೂವತ್ತು ವರ್ಷದ ಸ್ನೇಹಿತರು.

ತಾತ ಟಿವಿ ಧಾರಾವಾಹಿಗಳ ಸಂಚಿಕೆ ನಿರ್ದೇಶಕರಾಗಿದ್ದರು. ದೊಡ್ಡ ನಿರ್ದೇಶಕರ ಹೆಸರು ಶುರುವಿನಲ್ಲೇ ದಪ್ಪ ಅಕ್ಷರದಲ್ಲಿ ಬರುತ್ತಿತ್ತು. ದಿನವಿಡೀ ನಿಂತು ಅತ್ತೆ ಸೊಸೆಯರ ಜಗಳ ತೆಗೆಯುತ್ತಿದ್ದ ತಾತನ ಹೆಸರು ಕೊನೆಯಲ್ಲಿ, ನಾನು ಕೂಡಿಸಿ ಓದುವಷ್ಟರಲ್ಲಿ ಸರಿದು ಹೋಗುತ್ತಿತ್ತು. ಊರಿನವರು ಕೇಳಿದರೆ ನಾನು "ಟಿವಿ ಆಫೀಸಿನಲ್ಲಿದ್ದಾರೆ" ಎಂದು ಮಾತು ಮುಗಿಸುತ್ತಿದ್ದೆ.

ಆ ಸ್ನೇಹಿತರು ಹಲಸೂರಿನವರು, ಸ್ಯಾಕ್ಸೋಫೋನ್ ನುಡಿಸುವವರು. ಪ್ರಾಯದಲ್ಲಿ ಕಂಟೋನ್ಮೆಂಟಿನ ಹೋಟೆಲುಗಳಲ್ಲಿ ಜಾಝ್ ನುಡಿಸುತ್ತಿದ್ದರಂತೆ. ಹೋಟೆಲಿನವರು ಬ್ಯಾಂಡು ಬೇಡವೆಂದ ಮೇಲೆ ಧಾರಾವಾಹಿಗಳ ಹಿನ್ನೆಲೆ ಸಂಗೀತಕ್ಕೆ ಬಂದರು. ಅತ್ತೆ ಹಾಲಿಗೆ ವಿಷ ಬೆರೆಸುವಾಗ ಬರುತ್ತಿತ್ತಲ್ಲ, ಮೈ ಜುಮ್ಮೆನ್ನಿಸುವ ಆ ಒಂದು ಎಳೆ, ಅದು ಅವರದೇ ಉಸಿರು. ಅವರ ಹೆಸರಂತೂ ಕೊನೆಯಲ್ಲೂ ಬರುತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಅವರು ನಮ್ಮ ಹೊರಮಾವಿನ ಮನೆಗೆ ಬರುತ್ತಿದ್ದರು. ಇಬ್ಬರೂ ಮಹಡಿಯ ಮೇಲೆ ಕೂರುತ್ತಿದ್ದರು. ಅಲ್ಲಿ ಅವರು ಯಾರೂ ಬರೆದುಕೊಡದ್ದನ್ನು, ಆ ಹೊತ್ತಿಗೆ ಹೊಳೆದದ್ದನ್ನು ನುಡಿಸುತ್ತಿದ್ದರು. ನಾನು ಟೀ ಇಟ್ಟು ಇಳಿದು ಬರುತ್ತಿದ್ದೆ. ಒಂದು ದಿನವೂ ನಿಂತು ಕೇಳಲಿಲ್ಲ, ನಾಚಿಕೆ. ಹೀಗೆ ಒಮ್ಮೆ ಟೀ ಇಡುವಾಗ ತಾತ ಹೇಳುತ್ತಿದ್ದರು.

"ಲೋ, ನಾನು ಮೊದಲು ಹೋದ್ರೆ ನೀನು ಬಂದು ಊದ್ಬೇಕು."

"ನಾನೇ ಮೊದಲು ಹೋದ್ರೆ?"

"ಪೂರ್ತಿ ಒಂದೇ ಶಾಟ್‌ನಲ್ಲಿ ತೆಗೀತೀನಿ. ಕಟ್ ಅನ್ನೋದೇ ಇಲ್ಲ."

"ಪ್ರೊಡ್ಯೂಸರ್ ಬಿಡ್ತಾನಾ ಮಗಾ?" ಇಬ್ಬರೂ ನಕ್ಕರು. ಆದರೆ ನಕ್ಕ ಮೇಲೆ ತಾತ ಅವರ ಕೈ ಹಿಡಿದು ಮಾತು ತೆಗೆದುಕೊಂಡರು. ಅದನ್ನು ನಾನು ಕಣ್ಣಾರೆ ಕಂಡೆ.

ತಾತ ಹೋದಾಗ ಊರಿನಿಂದ ನನ್ನ ಅಣ್ಣ ಬಂದು ಎಲ್ಲ ಕೆಲಸ ಮೈಮೇಲೆ ಹಾಕಿಕೊಂಡಿದ್ದ. ವಾದ್ಯದ ಪೆಟ್ಟಿಗೆ ಹಿಡಿದು ಗೇಟಿನಲ್ಲಿ ನಿಂತ ಆ ಸ್ನೇಹಿತರನ್ನು ನೋಡಿ, "ವಾದ್ಯದೋರೆಲ್ಲ ಆ ಕಡೆ ಕೂತ್ಕೊಳ್ರಪ್ಪ" ಎಂದ. ಅವರು ತುಟಿ ಅಲುಗಿಸಿದರು, ಅಣ್ಣ ಆಗಲೇ ತಿರುಗಿದ್ದ. ಅವರು ಹೋಗಿ ತಮಟೆಯವರ ಬೆಂಚಿನ ತುದಿಯಲ್ಲಿ ಕೂತರು. ಒಳಗೆ ಬಂದು ಸ್ನೇಹಿತನ ಮುಖ ನೋಡಲೂ ಆಗಲಿಲ್ಲ. ಕಿಟಕಿಯಿಂದ ನನಗೆ ಎಲ್ಲ ಕಾಣುತ್ತಿತ್ತು.

ಎತ್ತುವ ಹೊತ್ತಿಗೆ ಅವರು ಎದ್ದು ವಾದ್ಯವನ್ನು ಬಾಯಿಗಿಟ್ಟರು. ಅಣ್ಣ ಕೈ ಅಡ್ಡ ಹಿಡಿದ. "ನಿಂದು ಬೇಡ ಕಣಯ್ಯ. ಇದೇನು ಮದುವೆ ದಿಬ್ಬಣವಾ?" ಯಾರೋ ಕಿಸಕ್ಕೆಂದರು. ಅವರು ಬಾಗಿಲಿಗೆ ಬಂದು ನಿಂತಿದ್ದ ನನ್ನ ಕಡೆ ನೋಡಿದರು. ಒಂದು ಮಾತು ಸಾಕಿತ್ತು, "ಅಣ್ಣ, ಬಿಡು" ಅಂತ. ಆದರೆ ಹೋಟೆಲಿನಲ್ಲಿ ಊದುತ್ತಿದ್ದವರು ನಮ್ಮ ಮನೆಯವರಿಗೆ ಜೀವದ ಗೆಳೆಯರು ಎಂದು ಊರವರ ಮುಂದೆ ಹೇಗೆ ಹೇಳುವುದು? ನಾನು ಸೆರಗನ್ನು ಮುಖದ ಮೇಲೆ ಎಳೆದುಕೊಂಡೆ. ಅಳುತ್ತಿದ್ದಾಳೆ ಎಂದುಕೊಂಡರು ಎಲ್ಲರೂ. ಅವರು ಮಾತ್ರ ಹಾಗೆ ಅಂದುಕೊಂಡಿರಲಾರರು.

ಹತ್ತು ತಿಂಗಳು ಹೋಯಿತು. ಹೋದ ವಾರ ಬಸ್ಸು ಹಿಡಿದು ಹಲಸೂರಿಗೆ, ಅವರ ಮನೆಗೆ ಹೋದೆ.

"ಏನ್ ಸಿಸ್ಟರ್, ಇಷ್ಟು ದೂರ? ಫೋನ್ ಮಾಡಿದ್ರೆ ನಾನೇ ಬರ್ತಿದ್ನಲ್ಲ" ಎಂದು ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದರು.

"ಅವತ್ತು ನಿಮ್ಮನ್ನ ನೋಡಿದ್ದೆ" ಎಂದೆ.

"ಗೊತ್ತು."

"ಗುರುತು ಸಿಗದೆ ಸುಮ್ನಿದ್ದಿದ್ದಲ್ಲ."

"ಅದೂ ಗೊತ್ತು ಸಿಸ್ಟರ್. ಟೀ ಕುಡೀತೀರಾ?"

ಟೀ ಕುಡಿದೆ. ಆಮೇಲೆ ಧೈರ್ಯ ಮಾಡಿ, ಅವತ್ತಿನದನ್ನು ಈಗ ನುಡಿಸುತ್ತೀರಾ ಎಂದು ಕೇಳಿದೆ. ಅವರು ವಾದ್ಯದ ಪೆಟ್ಟಿಗೆಯ ಕಡೆ ನೋಡಿದರು.

"ಇಲ್ಲ ಸಿಸ್ಟರ್. ಅದು ಅವನಿಗೆ ಅಂತ ಇದ್ದಿದ್ದು. ನಿಮ್ಮ ಮನಸ್ಸು ಹಗುರ ಆಗ್ಲಿ ಅಂತ ಊದಕ್ಕಾಗಲ್ಲ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ವರ್ಷದ ತಿಥಿಗಾದರೂ ಬನ್ನಿ ಎಂದು ಕೈ ಮುಗಿದೆ.

"ನಿಮ್ಮಣ್ಣ ಬರ್ತಾರಾ?"

"ಬರ್ತಾನೆ."

"ಹಂಗಾದ್ರೆ ನಾನು ಯಾರು ಅಂತ ಅವರಿಗೆ ನೀವು ಹೇಳಿ. ಹೇಳಿದ್ಮೇಲೆ ನನಗೆ ಫೋನ್ ಮಾಡಿ. ವಾದ್ಯ ತಗೊಂಡೇ ಬರ್ತೀನಿ."

ಆಗಲಿ ಎಂದು ಎದ್ದು ಬಂದೆ. ಈ ವಾರದಲ್ಲಿ ಮೂರು ಸಲ ಅಣ್ಣನಿಗೆ ಫೋನ್ ಮಾಡಿದ್ದೇನೆ. ಮೂರು ಸಲವೂ ಅಡುಗೆಯವರ ವಿಷಯ, ಬಾಳೆಲೆ ವಿಷಯ ಮಾತಾಡಿ ಇಟ್ಟುಬಿಟ್ಟೆ. ಅದಕ್ಕೇ ನಿಮಗೆ ಮೊದಲು ಬರೆದೆ. ನೀವು ತಿಥಿಗೆ ಬಂದಾಗ ಗೇಟಿನ ಒಳಗೆ ಅವರು ಕಾಣದಿದ್ದರೆ, ಕಾರಣ ನಾನು.