ಚಕ್ಕೋತ ನೆಟ್ಟ ಕೈ

ನಮ್ಮ ಮನೆಯಲ್ಲಿ ಗಿಡ ನೆಡುವುದಕ್ಕೂ ಮುತ್ತೈದೆಯೇ ಆಗಬೇಕು. ಗುಂಡಿ ಯಾರಾದರೂ ತೋಡಲಿ, ಗೊಬ್ಬರ ಯಾರಾದರೂ ಹೊರಲಿ. ಸಸಿಯನ್ನು ಮಣ್ಣಿಗಿಡುವ ಕೈಯಲ್ಲಿ ಮಾತ್ರ ಬಳೆ ಇರಬೇಕು. ಗಂಡ ಇದ್ದಷ್ಟು ದಿನ ಆವತಿ ಊರಿನ ನಮ್ಮ ಚಕ್ಕೋತದ ತೋಟದಲ್ಲಿ ಆ ಕೈ ನನ್ನದೇ. "ಕಿರೀ ಸೊಸೆ ಕೈಗುಣ ಅಂದ್ರೆ ಕೈಗುಣ, ಒಣ ಕಡ್ಡಿ ನೆಟ್ರೂ ಚಿಗುರ್ತದೆ" ಎಂದು ಅತ್ತೆ ಊರೆಲ್ಲ ಹೇಳಿಕೊಂಡು ಬರುತ್ತಿದ್ದರು. ನಾನೂ ಉಬ್ಬಿಹೋಗುತ್ತಿದ್ದೆ.

ಗಂಡ ತೀರಿಕೊಂಡ ಮೇಲೆ ಅದೇ ಅತ್ತೆ ಒಂದು ಬೆಳಿಗ್ಗೆ ನನ್ನ ಕೈಯಲ್ಲಿದ್ದ ಸೀಬೆ ಸಸಿಯನ್ನು ತೆಗೆದು ಓರಗಿತ್ತಿಗೆ ಕೊಟ್ಟರು. "ನೀನು ನೀರು ಬಿಡವ್ವ" ಎಂದರು. ಬೈಯಲಿಲ್ಲ, ಗದರಲಿಲ್ಲ. ಬೈದಿದ್ದರೆ ತಿರುಗಿ ಎರಡು ಮಾತಾದರೂ ಆಡಬಹುದಿತ್ತು.

ಈಗ ಅತ್ತೆಯೂ ಇಲ್ಲ. ಹಳೇ ಚಕ್ಕೋತದ ಮರಗಳು ಒಣಗತೊಡಗಿ ಹೊಸ ತೋಟ ಹಾಕುವುದೆಂದಾಯಿತು. ಸಸಿ ಮಾಡುವವರು ಯಾರು? ನಾನೇ! ಬಾವಿ ಪಕ್ಕದ, ನನ್ನ ಗಂಡನಿಗೆ ಬಲು ಇಷ್ಟವಾಗಿದ್ದ ಮರದ ಕೊಂಬೆಗಳ ತೊಗಟೆ ಸುಲಿದು, ಪಾಚಿ ಸುತ್ತಿ, ಬೇರು ಬಿಟ್ಟ ಮೇಲೆ ಕತ್ತರಿಸಿ ಮಣ್ಣು ತುಂಬಿದ ಕವರಿಗೆ ಹಾಕಿ ಮಕ್ಕಳ ಹಾಗೆ ಸಾಕಿದೆ. ಅದಕ್ಕೆಲ್ಲ ನನ್ನ ಕೈ ಆಗುತ್ತಿತ್ತು. ಅವುಗಳಲ್ಲಿ ಒಂದನ್ನಾದರೂ ನಾನೇ ನೆಡಬೇಕೆಂಬ ಆಸೆಯಿತ್ತು. ಧೈರ್ಯ ಮಾಡಿ ಗಂಡನ ಅಣ್ಣನನ್ನು ಕೇಳಿಯೂಬಿಟ್ಟೆ: "ಭಾವ, ಒಂದೇ ಒಂದು ನಾನು ನೆಡ್ಲಾ?"

ಭಾವ ಟವೆಲ್ ಕೊಡವಿದರು. "ಈ ಸಲ ಯಾರ ಕೈಯೂ ಬ್ಯಾಡ ಕಣವ್ವ. ಮಿಷನ್ ಬರ್ತೈತೆ. ತಾನೇ ಓಡಾಡ್ಕೊಂಡು ತಾನೇ ನೆಡ್ತೈತೆ."

ಸುಳ್ಳೇಕೆ ಹೇಳಲಿ, ಸಮಾಧಾನವೇ ಆಯಿತು. ನನ್ನದು ಬೇಡವಾದರೆ ಯಾರದ್ದೂ ಬೇಡ, ಹಾಳಾಗಿ ಹೋಗಲಿ ಅಂದುಕೊಂಡೆ.

ಬೆಂಗಳೂರಿನ ಯಾವುದೋ ಕಂಪನಿಯವರು ಅದನ್ನು ಲಾರಿಯಿಂದ ಇಳಿಸಿದರು. ನಾಲ್ಕು ಗಾಲಿ, ಉದ್ದನೆಯ ಒಂದು ತೋಳು. ಡ್ರೈವರ್ ಇಲ್ಲ, ಸೀಟೂ ಇಲ್ಲ. ನಮ್ಮವರು ಬಿಡುತ್ತಾರೆಯೇ? ಗಾಲಿಗೆ ನಿಂಬೆಹಣ್ಣು, ಮೈಗೆ ಸೇವಂತಿಗೆ ಹಾರ, ಅರಿಶಿನ ಕುಂಕುಮ. ಕೊನೆಗೆ ಓರಗಿತ್ತಿ ಹಸಿರು ಬಳೆಗಳನ್ನು ದಾರಕ್ಕೆ ಪೋಣಿಸಿ ಅದರ ತೋಳಿಗೆ ಕಟ್ಟಿದರು! ನಾನು ನೋಡುತ್ತಿದ್ದುದನ್ನು ಕಂಡು, "ಶಾಸ್ತ್ರಕ್ಕೆ ಇರ್ಲಿ ಅಂತ ಕಣೇ" ಎಂದರು.

ಕಂಪನಿಯ ಹುಡುಗಿಗೆ ಇದೊಂದೂ ಗೊತ್ತಿಲ್ಲ. "ಆಂಟಿ, ಸಸಿ ಬೆಳೆಸಿದ್ದು ನೀವಂತೆ. ಸ್ಟಾರ್ಟ್ ನೀವೇ ಒತ್ತಿ" ಎಂದು ಟ್ಯಾಬನ್ನು ನನ್ನ ಮುಂದೆ ಹಿಡಿದಳು. ನಾನು ಬೆರಳು ಚಾಚಿದ್ದೆ.

"ಅವಳು ಸಸಿ ತುಂಬ್ಲಿ, ನೀನು ಬಾ ಇಲ್ಲಿ" ಎಂದು ಭಾವ ಹೆಂಡತಿಯನ್ನು ಕರೆದರು. ಓರಗಿತ್ತಿ ಬಂದು ಒತ್ತಿದರು.

ನಾನು ಸಾಕಿದ ಸಸಿಗಳನ್ನು ನಾನೇ ಒಂದೊಂದಾಗಿ ಅದರ ಟ್ರೇಗೆ ಇಟ್ಟೆ. ಅದು ಗುಂಡಿ ತೋಡಿತು, ಸಸಿ ಇಳಿಸಿತು, ಮಣ್ಣು ಒತ್ತಿ ಮುಂದೆ ಹೋಯಿತು. ಬಳೆ ಗಲಗಲ ಅನ್ನುತ್ತಲೇ ಇತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದೂ ಸಾಯದೆ ಎಲ್ಲ ಚಿಗುರಿದ್ದವು. ಒಣಗಿದ್ದರೆ ಮಾತು ಯಾರ ಬುಡಕ್ಕೆ ಬರುತ್ತಿತ್ತೆಂದು ನನಗೆ ಚೆನ್ನಾಗಿ ಗೊತ್ತು. ನಾನು ನೀರು ಬಿಡುತ್ತಿದ್ದಾಗ ಭಾವ ಬಂದು ಒಂದು ಚಿಗುರನ್ನು ಬೆರಳಲ್ಲಿ ಎತ್ತಿ ನೋಡಿದರು.

"ಮಿಷನ್ ಕೈಗುಣ ಎಂಗೈತೆ ನೋಡವ್ವ!"

"ಹೂಂ ಭಾವ," ಎಂದೆ, "ಅದ್ರ ಗಂಡ ಇನ್ನೂ ಬದುಕವ್ನೆ ಅನ್ಸುತ್ತೆ."

ಭಾವ ಹಿಡಿದಿದ್ದ ಚಿಗುರನ್ನು ಕೈಬಿಟ್ಟರು. ನಾನು ಪೈಪನ್ನು ಮುಂದಿನ ಗಿಡಕ್ಕೆ ಎಳೆದೆ.