ಹಣೆಗೊತ್ತಿಕೊಂಡ ಬಂದೂಕು

ಹಕ್ಕಿ ಬೇಟೆಗೆ ನನ್ನ ಮೊದಲ ಶಾಟ್‌ಗನ್ ಆರಿಸೋಕೆ ಐರ್ಲೆಂಡಿನ ಕಾರ್ಕ್ ಊರಿನ ಹತ್ತಿರದ ಒಂದು ಬಂದೂಕಿನ ಅಂಗಡಿಗೆ ಹೋಗಿದ್ದೆ. ಒಂದರ ಹಿಂದೊಂದು ಮೂರು ಗುಂಡು ಹಾರಿಸೋ ಆಟೋಮ್ಯಾಟಿಕ್ ಕಣ್ಣಿಗೆ ಬಿತ್ತು. ಅಂಗಡಿಯ ಮುದುಕ ಅದನ್ನ ಕೈಗೆ ಕೊಟ್ಟಿದ್ದೇ ತಡ, ನಳಿಗೆಯನ್ನ ಹಣೆಗೊತ್ತಿಕೊಂಡೆ. ನಾವು ಕೊಡಗಿನವರು, ಬಂದೂಕಿಗೆ ಹೂವಿಟ್ಟು ಪೂಜೆ ಮಾಡೋ ಜನ. ಕೈ ತಾನಾಗೇ ಹೋಯ್ತು.

ಮುದುಕನ ಮುಖ ಬಿಳುಚಿಕೊಂಡಿತು. "ಖಾಲಿ ಇದೆಯಾ ಅಂತ ನೋಡಿದ್ಯಾ?"

"ನೀವೇ ಕೊಟ್ರಲ್ಲ!"

"ನಾನು ನೋಡೇ ಕೊಟ್ಟೆ. ಆದ್ರೂ ನೀನೂ ನೋಡಬೇಕು."

ಅದನ್ನ ಮೆಲ್ಲಗೆ ವಾಪಸ್ ತಗೊಂಡು, ಮೇಲೊಂದು ಕೆಳಗೊಂದು ನಳಿಗೆಯ ಹನ್ನೆರಡು ಬೋರಿನ ಇನ್ನೊಂದು ಬಂದೂಕು ತಂದು ನಡುವೆ ಮಡಚಿ ತೋರಿಸಿದ. "ಫೆಸೆಂಟು, ಪಾರಿವಾಳ, ಬಾತು, ಎಲ್ಲಕ್ಕೂ ಇದೊಂದೇ ಸಾಕು. ಹೀಗೆ ಮಡಚಿದ್ರೆ ಖಾಲಿ ಅಂತ ಎಲ್ಲರಿಗೂ ಕಾಣುತ್ತೆ. ಮೊದಲು ನೋಡು, ಆಮೇಲೆ ಪ್ರಾರ್ಥನೆ. ಗ್ರ್ಯಾಂಡ್ ಆಗಿರ್ತೀಯ." ಅಲ್ಲಿನವರ ಮಾತಲ್ಲಿ ಹಾಗಂದ್ರೆ, ನಿಂಗೇನೂ ಆಗಲ್ಲ ಅಂತ.

ಲೈಸನ್ಸ್ ಬಂದ ಮೇಲೆ ಅದನ್ನೇ ತಂದೆ. ಇದುವರೆಗೆ ಒಂದು ಹಕ್ಕಿಯೂ ಬಿದ್ದಿಲ್ಲ. ಆದ್ರೆ ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಬಂದಾಗಲೆಲ್ಲ ಬಂದೂಕು ಮಡಚಿ, ಎರಡೂ ನಳಿಗೆ ನೋಡಿ, ಆಮೇಲೆ ಹೂವಿಡ್ತೀನಿ. ಆ ಮುದುಕನಿಗೂ ಮನಸ್ಸಲ್ಲೇ ಒಂದು ನಮಸ್ಕಾರ. ಕುಂಕುಮ ಇಟ್ಟುಕೊಳ್ಳೋಕೆ ಹಣೆ ಇನ್ನೂ ಜಾಗದಲ್ಲೇ ಇದೆಯಲ್ಲ!